ಐಕಾನ್‌ಗಳು ಮಾಯವಾದಾಗ

ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಐಕಾನ್, ಅಂದರೆ ಒಂದು ತಂತ್ರಾಂಶವನ್ನೋ ಕಡತವನ್ನೋ ಗುರುತಿಸಲು ಇರಿಸಿದ ಪುಟ್ಟ ಚಿತ್ರ, ಆ ತಂತ್ರಾಂಶದ ಮೇಲೆ ಶಾಶ್ವತವಾಗಿ ಅಚ್ಚೊತ್ತಿದ ಮುದ್ರೆಯೇನಲ್ಲ. ಡೆಸ್ಕ್‌ಟಾಪ್ ತೆರೆದುಕೊಂಡಾಗಲೆಲ್ಲ ಕಾರ್ಯಾಚರಣ ವ್ಯವಸ್ಥೆಯು ಯಾವ ಕಡತಕ್ಕೆ ಯಾವ ಚಿತ್ರ ಸಲ್ಲಬೇಕು, ಆ ಚಿತ್ರ ಡಿಸ್ಕಿನಲ್ಲಿ ಎಲ್ಲಿದೆ, ಪರದೆಗೆ ಅದರ ಯಾವ ಅಳತೆ ಹೊಂದುತ್ತದೆ ಎಂಬುದನ್ನೆಲ್ಲ ವಿಚಾರಿಸಿ, ಚಿತ್ರವನ್ನು ತಂದು ಹೆಸರಿನ ಮೇಲೆ ಕೂರಿಸುತ್ತದೆ. ಈ ವಿಚಾರಣೆಯ ಯಾವುದಾದರೂ ಒಂದು ಹಂತದಲ್ಲಿ ಉತ್ತರ ಸಿಗದೆ ಹೋದರೆ, ತಂತ್ರಾಂಶ ಸುಸ್ಥಿತಿಯಲ್ಲಿದ್ದರೂ ಅದರ ಚಿತ್ರ ಕಾಣದಾಗುತ್ತದೆ, ಇಲ್ಲವೇ ಚಿತ್ರದ ಜಾಗದಲ್ಲಿ ಮೂಲೆ ಮಡಚಿದ ಬಿಳಿ ಹಾಳೆಯೊಂದು ಬಂದು ಕೂರುತ್ತದೆ. ಹೀಗಾದಾಗ ತಂತ್ರಾಂಶವನ್ನು ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ, ಅಂಗಡಿಗೆ ಒಯ್ದು ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುವವರೂ ಇದ್ದಾರೆ. ಎರಡೂ ಹೆಚ್ಚಿನ ಸಂದರ್ಭಗಳಲ್ಲಿ ಬೇಕಿಲ್ಲದ ಚಿಕಿತ್ಸೆ. ಕೆಟ್ಟಿರುವುದು ಯಾವ ಹಂತದಲ್ಲಿ ಎಂಬುದನ್ನು ಐಕಾನ್ ಕೆಟ್ಟಿರುವ ಬಗೆಯೇ ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಗಣಕದ ಪರದೆಯ ಮೇಲಿನ ಚಿತ್ರಗಳನ್ನು ಐಕಾನ್ ಎಂದು ಮೊದಲು ಕರೆದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅವರು 1975ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಈ ಬಳಕೆ ಕಾಣಿಸಿಕೊಂಡಿತು. 1981ರಲ್ಲಿ ಝೆರಾಕ್ಸ್ ಕಂಪನಿ ಹೊರತಂದ ಸ್ಟಾರ್ ಗಣಕವು ಐಕಾನ್‌ಗಳಿರುವ ಡೆಸ್ಕ್‌ಟಾಪನ್ನು ಮಾರುಕಟ್ಟೆಗೆ ತಂದಿತು, 1984ರ ಆ್ಯಪಲ್ ಮ್ಯಾಕಿಂತೋಷ್‌ಗಾಗಿ ಸೂಸನ್ ಕೇರ್ 32 ಅಡ್ಡಸಾಲು, 32 ಉದ್ದಸಾಲುಗಳ ಚೌಕುಳಿ ಹಾಳೆಯ ಮೇಲೆ ಮನೆ ತುಂಬುತ್ತ ಐಕಾನ್‌ಗಳನ್ನು ರೂಪಿಸಿದರು. ಅಂದು ಒಂದು ಐಕಾನಿಗೆ ಒಂದೇ ಅಳತೆ, ಎರಡೇ ಬಣ್ಣ. ಇಂದಿನ ತೊಂದರೆಗಳಲ್ಲಿ ಬಹುಪಾಲು ಆ ಸರಳತೆ ಹೋದದ್ದರಿಂದ ಹುಟ್ಟಿದವು.

ವಿಂಡೋಸ್ ವ್ಯವಸ್ಥೆಯಲ್ಲಿ ಐಕಾನುಗಳನ್ನು ಇಡುವ ಐಸಿಒ ಎಂಬ ಕಡತ ಮಾದರಿಯನ್ನು ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ. ಅದರ ಮೊದಲ 6 ಬೈಟ್‌ಗಳಲ್ಲಿ ಇದು ಐಕಾನ್ ಕಡತ ಎಂಬ ಗುರುತೂ ಒಳಗೆ ಎಷ್ಟು ಚಿತ್ರಗಳಿವೆ ಎಂಬ ಎಣಿಕೆಯೂ ಇರುತ್ತವೆ. ಬಳಿಕ ಪ್ರತಿ ಚಿತ್ರಕ್ಕೂ 16 ಬೈಟ್‌ಗಳ ಒಂದೊಂದು ವಿವರಪಟ್ಟಿ ಬರುತ್ತದೆ. ಅಗಲ, ಎತ್ತರ, ಬಣ್ಣದ ಆಳ, ಚಿತ್ರದ ದತ್ತಾಂಶ ಕಡತದ ಎಷ್ಟನೆಯ ಬೈಟಿನಿಂದ ಶುರುವಾಗುತ್ತದೆ ಎಂಬವು ಅದರಲ್ಲಿ ಅಡಕ. ಅಗಲವನ್ನು ಬರೆಯಲು ಕೊಟ್ಟಿರುವುದು ಒಂದೇ ಬೈಟ್ ಆದ್ದರಿಂದ ಅಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 256 ಚಿತ್ರಬಿಂದುಗಳ ಅಗಲದ ಐಕಾನ್ ಬಳಕೆಗೆ ಬಂದಾಗ ಆ ಜಾಗದಲ್ಲಿ ಸೊನ್ನೆ ಇದ್ದರೆ ಅದನ್ನು 256 ಎಂದೇ ಓದಬೇಕೆಂಬ ಒಪ್ಪಂದ ಮಾಡಿಕೊಳ್ಳಲಾಯಿತು. ಹೀಗೆ ಒಂದೇ ಕಡತದೊಳಗೆ 16, 32, 48, 256 ಬಿಂದುಗಳ ಬೇರೆ ಬೇರೆ ಚಿತ್ರಗಳು ಒಟ್ಟಿಗಿದ್ದು, ಟಾಸ್ಕ್‌ಬಾರಿಗೆ ಒಂದು, ಡೆಸ್ಕ್‌ಟಾಪಿಗೆ ಇನ್ನೊಂದು ಎಂಬಂತೆ ಆಯ್ಕೆ ನಡೆಯುತ್ತದೆ. ತಂತ್ರಾಂಶ ತಯಾರಕರು ದೊಡ್ಡ ಅಳತೆಯ ಚಿತ್ರವನ್ನು ಸೇರಿಸದೆ ಬಿಟ್ಟಿದ್ದರೆ ಹೊಸ, ಸಾಂದ್ರ ಪರದೆಗಳಲ್ಲಿ ಐಕಾನ್ ಮಸುಕಾಗಿಯೋ, ದೊಡ್ಡ ಚೌಕದ ನಡುವೆ ಪುಟ್ಟದಾಗಿಯೋ ಕಾಣುತ್ತದೆ; ಅದಕ್ಕೆ ಬಳಕೆದಾರರ ಬಳಿ ಮದ್ದಿಲ್ಲ, ಮದ್ದು ಹುಡುಕುವ ಅಗತ್ಯವೂ ಇಲ್ಲ.

ಐಕಾನ್ ಇರುವ ಜಾಗವನ್ನು ವ್ಯವಸ್ಥೆ ತಿಳಿದುಕೊಳ್ಳುವ ಬಗೆ ಮೂರು ತೆರನಾದದ್ದು. ಚಾಲನೆಗೊಳ್ಳುವ ತಂತ್ರಾಂಶ ಕಡತಗಳು ತಮ್ಮ ಐಕಾನನ್ನು ತಮ್ಮೊಳಗೇ ಹೊತ್ತಿರುತ್ತವೆ. ಪತ್ರ, ಲೆಕ್ಕದ ಹಾಳೆ, ಛಾಯಾಚಿತ್ರದಂತಹ ದಾಖಲೆಗಳಿಗೆ ಸ್ವಂತ ಐಕಾನ್ ಇಲ್ಲ; ಹೆಸರಿನ ಕೊನೆಯ ಚುಕ್ಕಿಯ ನಂತರ ಬರುವ ವಿಸ್ತರಣೆಯನ್ನು ನೋಡಿ, ವಿಂಡೋಸ್ ತನ್ನ ಸಂರಚನೆಗಳನ್ನೆಲ್ಲ ಬರೆದಿಟ್ಟುಕೊಂಡ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಆ ವಿಸ್ತರಣೆಯ ಒಡೆಯ ಯಾರೆಂದು ಹುಡುಕಿ, ಆ ಒಡೆಯನ ಹೆಸರಿನಡಿ ನಮೂದಾದ ಚಿತ್ರವನ್ನು ತರಲಾಗುತ್ತದೆ. ಮೂರನೆಯದು ಶಾರ್ಟ್‌ಕಟ್, ಇದು ಇನ್ನೊಂದು ಕಡತದ ವಿಳಾಸವನ್ನಷ್ಟೇ ಹೊತ್ತ ಕಿರುಕಡತ, ಎಡಮೂಲೆಯ ಬಾಗಿದ ಬಾಣದಿಂದ ಇದನ್ನು ಗುರುತಿಸಬಹುದು. ಡೆಸ್ಕ್‌ಟಾಪಿನ ಮೇಲೆ ಜನ ದಿನವೂ ಒತ್ತುವ ಐಕಾನ್‌ಗಳಲ್ಲಿ ಹೆಚ್ಚಿನವು ಶಾರ್ಟ್‌ಕಟ್‌ಗಳೇ. ಒಂದು ಜಾತಿಯ ದಾಖಲೆಗಳಷ್ಟೇ ಏಕಕಾಲಕ್ಕೆ ಬಿಳಿ ಹಾಳೆಗಳಾಗಿದ್ದರೆ ರಿಜಿಸ್ಟ್ರಿಯ ಕೊಂಡಿ ಕಡಿದಿದೆ. ಅಂದರೆ ಆ ದಾಖಲೆಗಳನ್ನು ತೆರೆಯುತ್ತಿದ್ದ ತಂತ್ರಾಂಶವನ್ನು ಯಾರೋ ತೆಗೆದುಹಾಕಿದ್ದಾರೆ, ಆದರೆ ಅದು ಬಿಟ್ಟುಹೋದ ನಮೂದು ಈಗಿಲ್ಲದ ಜಾಗವನ್ನೇ ತೋರಿಸುತ್ತಿದೆ. ಬಲ ಕ್ಲಿಕ್ ಮಾಡಿ, ಯಾವ ತಂತ್ರಾಂಶದಿಂದ ತೆರೆಯಬೇಕೆಂಬುದನ್ನು ಹೊಸದಾಗಿ ಆರಿಸಿಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಆದರೆ ಬೇರೆ ಬೇರೆ ತಂತ್ರಾಂಶಗಳ ಐಕಾನ್‌ಗಳು ಯಾವ ಸಂಬಂಧವೂ ಇಲ್ಲದೆ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ, ಅಥವಾ ಒಂದರ ಚಿತ್ರ ಇನ್ನೊಂದಕ್ಕೆ ಬಂದಿದ್ದರೆ, ಅನುಮಾನಿಸಬೇಕಾದದ್ದು ಐಕಾನ್ ಕ್ಯಾಶನ್ನು. ಕಿರಾಣಿ ಅಂಗಡಿಯವನು ಪ್ರತಿ ಗಿರಾಕಿಗೂ ಗೋದಾಮಿಗೆ ಓಡದೆ, ದಿನವೂ ಖರ್ಚಾಗುವ ಸಾಮಾನನ್ನು ಕೈಗೆಟುಕುವಲ್ಲಿ ಕಟ್ಟಿಟ್ಟುಕೊಳ್ಳುವಂತೆ, ವಿಂಡೋಸ್ ಒಮ್ಮೆ ಹುಡುಕಿ ತಂದ ಐಕಾನ್‌ಗಳ ನಕಲನ್ನು ಒಂದೆಡೆ ಕೂಡಿಟ್ಟುಕೊಳ್ಳುತ್ತದೆ. ವಿಂಡೋಸ್ 7ರವರೆಗೆ ಇದಕ್ಕೆ ಒಂದೇ ಕಡತವಿತ್ತು; ವಿಂಡೋಸ್ 8ರ ನಂತರ ಪ್ರತಿ ಅಳತೆಗೂ ಬೇರೆ ಬೇರೆ ಕಡತಗಳಾಗಿ, ಬಳಕೆದಾರರ ಖಾತೆಯ ಆ್ಯಪ್‌ಡೇಟಾ ಎಂಬ ಮರೆಮಾಡಿದ ಫೋಲ್ಡರಿನ ಒಳಗೆ ಎಕ್ಸ್‌ಪ್ಲೋರರ್ ಎಂಬ ಉಪಫೋಲ್ಡರಿನಲ್ಲಿ ಇದು ಹಂಚಿಕೊಂಡಿದೆ. ನಕಲನ್ನು ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಅಥವಾ ತಂತ್ರಾಂಶ ನವೀಕರಣಗೊಂಡು ತನ್ನ ಐಕಾನ್ ಬದಲಿಸಿಯೂ ವ್ಯವಸ್ಥೆಗೆ ಸುದ್ದಿ ಮುಟ್ಟಿಸದಿದ್ದರೆ, ಹಳಸಿದ ನಕಲೇ ಮತ್ತೆ ಮತ್ತೆ ಪರದೆಗೆ ಬರುತ್ತದೆ. ದೋಷ ಇಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆಯಿದೆ: ಫೋಲ್ಡರಿನ ನೋಟವನ್ನು ಸಣ್ಣ ಐಕಾನ್‌ನಿಂದ ದೊಡ್ಡ ಐಕಾನ್‌ಗೆ ಬದಲಿಸಬೇಕು. ಅಳತೆಗೊಂದು ಕಡತ ಇರುವುದರಿಂದ, ಒಂದು ಅಳತೆಯಲ್ಲಿ ಕೆಟ್ಟದ್ದು ಇನ್ನೊಂದರಲ್ಲಿ ಸರಿಯಾಗಿ ಕಂಡರೆ ಮೂಲ ಚಿತ್ರ ಸುರಕ್ಷಿತವಾಗಿದ್ದು ನಕಲು ಮಾತ್ರ ಕೆಟ್ಟಿದೆಯೆಂದು ತಿಳಿಯಬೇಕು.

ಕ್ಯಾಶನ್ನು ಅಳಿಸಲು ಹೆದರಬೇಕಾಗಿಲ್ಲ. ಅದರಲ್ಲಿರುವುದೆಲ್ಲ ನಕಲು, ವ್ಯವಸ್ಥೆ ಅದನ್ನು ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಅಡಚಣೆ ಇರುವುದು ಬೇರೆ ಕಡೆ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಫೋಲ್ಡರ್ ಕಿಟಕಿಗಳನ್ನೆಲ್ಲ ಬಿಡಿಸುವ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶವೇ ಆ ಕಡತಗಳನ್ನು ಸದಾ ಹಿಡಿದುಕೊಂಡಿರುತ್ತದೆ, ಆದ್ದರಿಂದ ಅದು ಓಡುತ್ತಿರುವವರೆಗೆ ಅಳಿಸಲು ಬಿಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನು ಆರಿಸಿ ಮರುಚಾಲನೆಗೊಳಿಸುವುದು ಮೊದಲ ಹೆಜ್ಜೆ. ಎಷ್ಟೋ ಸಲ ಇಷ್ಟಕ್ಕೇ ಐಕಾನ್‌ಗಳು ಮರಳುತ್ತವೆ. ಆ ಕ್ಷಣದಲ್ಲಿ ಪರದೆಯ ಮೇಲಿನದೆಲ್ಲ ಅಳಿಸಿಹೋದಂತೆ ಕಂಡು ನೋಡುವವರ ಎದೆ ಧಸಕ್ಕೆನ್ನುವುದುಂಟು, ಆದರೆ ಅದು ಅರೆಕ್ಷಣದ ಮಾತು. ಅದರಿಂದ ಆಗದಿದ್ದರೆ ಎಕ್ಸ್‌ಪ್ಲೋರರನ್ನು ಪೂರ್ತಿ ನಿಲ್ಲಿಸಿ, ಟಾಸ್ಕ್ ಮ್ಯಾನೇಜರಿನಿಂದಲೇ ಕಮಾಂಡ್ ಕಿಟಕಿಯನ್ನು ತೆರೆದು, ಐಕಾನ್‌ಕ್ಯಾಶ್ ಎಂಬ ಹೆಸರಿನಿಂದ ಆರಂಭವಾಗುವ ಕಡತಗಳನ್ನು ಅಳಿಸಿ, ಬಳಿಕ ಎಕ್ಸ್‌ಪ್ಲೋರರನ್ನು ಮತ್ತೆ ಓಡಿಸಬೇಕು.

ಮೇಲೆ ಹೇಳಿದ್ದು ವಿಂಡೋಸ್ ಇರುವ ಕಂಪ್ಯೂಟರುಗಳಿಗೆಲ್ಲ ಅನ್ವಯಿಸುತ್ತದೆ. ಆದರೆ ಕಂಪ್ಯೂಟರ್ ಎಲ್ಲಿ, ಯಾರ ಮನೆಯಲ್ಲಿದೆ ಎಂಬುದೂ ತಪಾಸಣೆಯ ದಾರಿಯನ್ನು ಬದಲಿಸಬಲ್ಲದು. ಒಮಾನಿನ ರಾಜಧಾನಿ ಮಸ್ಕತ್‌ನ ಸೀಬ್ ವಿಲಾಯತ್ತಿಗೆ ಸೇರಿದ ಅಲ್ ಹೈಲ್, ಉತ್ತರ ಮತ್ತು ದಕ್ಷಿಣ ಎಂದು ಎರಡು ಪಾಲಾಗಿ ಹರಡಿರುವ ಕರಾವಳಿಯ ವಸತಿ ಪ್ರದೇಶ. ಇಂತಹ ಬಡಾವಣೆಯ ಕನ್ನಡ ಮನೆಯೊಂದರಲ್ಲಿ ಕಂಪ್ಯೂಟರ್ ಕೆಟ್ಟರೆ ಫೋನು ಹೋಗುವುದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ತಮ್ಮನಿಗೋ ಭಾವನಿಗೋ. ಗಡಿಯಾರ ಊರಿನಲ್ಲಿ ಒಂದೂವರೆ ಗಂಟೆ ಮುಂದಿರುತ್ತದೆ ಎಂಬುದು ಇಲ್ಲಿ ದೊಡ್ಡ ಅಡ್ಡಿಯಲ್ಲ. ದೊಡ್ಡ ಅಡ್ಡಿ ಪರದೆಯ ದಿಕ್ಕಿನದು. ಒಮಾನಿನಲ್ಲಿ ಮಾರಾಟವಾಗುವ ಕಂಪ್ಯೂಟರುಗಳ ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಅರಬ್ಬಿ ಅಕ್ಷರಗಳೂ ಇರುತ್ತವೆ, ಕೆಲವುಗಳಲ್ಲಿ ವಿಂಡೋಸ್‌ನ ಪ್ರದರ್ಶನ ಭಾಷೆಯೇ ಅರಬ್ಬಿಯಾಗಿರುತ್ತದೆ. ಅರಬ್ಬಿ ಬಲದಿಂದ ಎಡಕ್ಕೆ ಸಾಗುವ ಲಿಪಿಯಾದ್ದರಿಂದ ಆಗ ಇಡೀ ಪರದೆ ಕನ್ನಡಿಯೊಳಗಿನ ಬಿಂಬದಂತೆ ಮಗುಚಿಕೊಳ್ಳುತ್ತದೆ: ಡೆಸ್ಕ್‌ಟಾಪಿನ ಐಕಾನ್‌ಗಳು ಬಲ ಅಂಚಿನಿಂದ ಸಾಲುಗಟ್ಟುತ್ತವೆ, ಗಡಿಯಾರ ಬಲಗಡೆ ಬಿಟ್ಟು ಎಡಗಡೆಗೆ ಹೋಗುತ್ತದೆ, ವಿಂಡೋಸ್ 10ರವರೆಗಿನ ಸ್ಟಾರ್ಟ್ ಗುಂಡಿ ಕೆಳಗಿನ ಬಲಮೂಲೆಯಲ್ಲಿ ನಿಲ್ಲುತ್ತದೆ. ಎಡಗಡೆ ಕೆಳಗೆ ನೋಡು ಎಂದು ಬೆಂಗಳೂರಿನಿಂದ ಹೇಳಿದ ಮಾತು ಅಲ್ ಹೈಲ್‌ನಲ್ಲಿ ತಪ್ಪು ದಾರಿ ತೋರಿಸುತ್ತದೆ. ಐಕಾನ್ ಕಾಣುತ್ತಿಲ್ಲ ಎಂಬ ದೂರಿಗೆ ಅದು ಇನ್ನೊಂದು ಬದಿಯಲ್ಲಿದೆ ಎಂಬುದೇ ಉತ್ತರವಾಗಬಹುದು. ದಿಕ್ಕಿನ ಬದಲು ಕೀಲಿಗಳನ್ನು ಹೇಳಿಕೊಡುವುದು ಇಂತಹ ಸಂದರ್ಭದಲ್ಲಿ ಮೇಲು, ಏಕೆಂದರೆ ವಿಂಡೋಸ್ ಗುರುತಿನ ಕೀಲಿ ಯಾವ ಭಾಷೆಯಲ್ಲೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ದೂರದಿಂದ ತಪಾಸಣೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ, ಐಕಾನ್‌ಗಳು ಇದ್ದೂ ಕೆಟ್ಟಿವೆಯೋ ಅಥವಾ ಇಲ್ಲವೇ ಇಲ್ಲವೋ ಎಂಬುದು. ಇಲ್ಲವೇ ಇಲ್ಲ ಎಂದಾದರೆ ಕಾರಣ ಹಲವು ಸಲ ಹಾಸ್ಯಾಸ್ಪದವಾಗುವಷ್ಟು ಸಣ್ಣದು: ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿದಾಗ ಬರುವ ವ್ಯೂ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಐಕಾನ್‌ಗಳನ್ನು ತೋರಿಸು ಎಂಬ ಆಯ್ಕೆಯ ಗುರುತನ್ನು ಮನೆಯ ಮಕ್ಕಳಲ್ಲಿ ಯಾರೋ ತೆಗೆದಿರುತ್ತಾರೆ. ಅದಲ್ಲದಿದ್ದರೆ ಖಾತೆಯನ್ನು ನೋಡಬೇಕು. ವಿಂಡೋಸ್‌ನ ಡೆಸ್ಕ್‌ಟಾಪ್ ಒಂದು ಫೋಲ್ಡರಲ್ಲ. ಬಳಕೆದಾರರ ಸ್ವಂತ ಡೆಸ್ಕ್‌ಟಾಪ್ ಫೋಲ್ಡರ್ ಹಾಗೂ ಎಲ್ಲರಿಗೂ ಸಮಾನವಾದ ಪಬ್ಲಿಕ್ ಎಂಬ ಖಾತೆಯ ಡೆಸ್ಕ್‌ಟಾಪ್ ಫೋಲ್ಡರ್, ಇವೆರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದ ನೋಟ ಅದು. ಇನ್‌ಸ್ಟಾಲ್ ಮಾಡುವಾಗ ನನಗೆ ಮಾತ್ರ ಎಂದು ಆರಿಸಿದ ತಂತ್ರಾಂಶದ ಶಾರ್ಟ್‌ಕಟ್ ಅಪ್ಪನ ಖಾತೆಯಲ್ಲಿದ್ದು ಮಗಳ ಖಾತೆಯಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. 2020ರ ಮಾರ್ಚ್‌ನಲ್ಲಿ ಒಮಾನಿನ ಶಾಲೆಗಳು ಮುಚ್ಚಿ ಪಾಠಗಳು ಮನೆಯ ಪರದೆಗೆ ಬಂದಾಗ, ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ಮನೆಗಳಲ್ಲಿ ಇಂತಹ ಗೊಂದಲಕ್ಕೆ ಅವಕಾಶ ಹೆಚ್ಚಾಯಿತು.

ಇದೇ ಗುಂಪಿಗೆ ಸೇರಿದ, ಆದರೆ ನಿಜಕ್ಕೂ ಅಪಾಯದ ಒಂದು ಸಂದರ್ಭವಿದೆ. ಖಾತೆಯ ದಾಖಲೆಗಳನ್ನು ಓದಲು ವಿಂಡೋಸ್‌ಗೆ ಆಗದಿದ್ದಾಗ ಅದು ತಾತ್ಕಾಲಿಕ ಖಾತೆಯೊಂದನ್ನು ಸೃಷ್ಟಿಸಿ ಒಳಗೆ ಬಿಡುತ್ತದೆ. ಹೊಸ ಕಂಪ್ಯೂಟರಿನಂತೆ ಬೋಳಾದ ಡೆಸ್ಕ್‌ಟಾಪ್ ಕಂಡು, ಐಕಾನ್‌ಗಳು ಹೋದವಲ್ಲಾ ಎಂದುಕೊಂಡು, ಬಳಕೆದಾರರು ಅಲ್ಲೇ ಕೆಲಸ ಮುಂದುವರಿಸಿ ಕಡತಗಳನ್ನು ಉಳಿಸಿದರೆ, ಹೊರಬಂದ ಕೂಡಲೇ ಅವೆಲ್ಲ ಅಳಿಸಿಹೋಗುತ್ತವೆ. ಹಳೆಯ ಕಡತಗಳಾದರೋ ಮೂಲ ಖಾತೆಯ ಫೋಲ್ಡರಿನಲ್ಲಿ ಇದ್ದಲ್ಲೇ ಇರುತ್ತವೆ. ಬೋಳು ಡೆಸ್ಕ್‌ಟಾಪ್ ಕಂಡಾಗ ಏನನ್ನೂ ಉಳಿಸದೆ, ಒಮ್ಮೆ ಕಂಪ್ಯೂಟರನ್ನು ಮರುಚಾಲನೆಗೊಳಿಸಿ ನೋಡುವುದು ಆದ್ದರಿಂದಲೇ ವಿವೇಕದ ಕ್ರಮ.

ಗಲ್ಫ್‌ನಿಂದ ಊರಿಗೆ, ಊರಿನಿಂದ ಗಲ್ಫ್‌ಗೆ ಸಾಗುವ ಹೊರಗಿನ ಹಾರ್ಡ್ ಡಿಸ್ಕ್‌ಗಳು ಇನ್ನೊಂದು ಬಗೆಯ ದೋಷವನ್ನು ಹೊತ್ತು ತರುತ್ತವೆ. ಡಿಸ್ಕನ್ನು ಜೋಡಿಸಿದಾಗ ವಿಂಡೋಸ್ ಅದಕ್ಕೆ ಒಂದು ಇಂಗ್ಲಿಷ್ ಅಕ್ಷರವನ್ನು ಕೊಡುತ್ತದೆ. ನಿನ್ನೆ ಇ ಆಗಿದ್ದದ್ದು, ಇವತ್ತು ಪೆನ್‌ಡ್ರೈವ್ ಒಂದು ಮೊದಲೇ ಕೂತಿದ್ದರೆ, ಎಫ್ ಆಗಬಹುದು. ಶಾರ್ಟ್‌ಕಟ್‌ನಲ್ಲಿ ಬರೆದ ವಿಳಾಸ ಇ ಎಂದೇ ಇರುವುದರಿಂದ ಆ ಡಿಸ್ಕಿನ ಕಡತಗಳತ್ತ ಕೈತೋರಿಸುವ ಐಕಾನ್‌ಗಳೆಲ್ಲ ಬಿಳಿ ಹಾಳೆಗಳಾಗುತ್ತವೆ. ಎನ್‌ಟಿಎಫ್‌ಎಸ್ ಎಂಬ ವಿನ್ಯಾಸದಲ್ಲಿ ಕಟ್ಟಿದ ಡಿಸ್ಕ್‌ಗಳಲ್ಲಿ ಕಡತ ಜಾಗ ಬದಲಿಸಿದರೂ ಬೆನ್ನುಹತ್ತಿ ಹುಡುಕುವ ಏರ್ಪಾಡೊಂದು ವಿಂಡೋಸ್‌ನಲ್ಲಿದೆ, ಆದರೆ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್32 ವಿನ್ಯಾಸಕ್ಕೆ ಆ ಭಾಗ್ಯವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನದಲ್ಲಿ ಹಳೆಯ ಅಕ್ಷರವನ್ನೇ ಮರಳಿ ಕೊಟ್ಟರೆ ಎಲ್ಲವೂ ಒಮ್ಮೆಗೇ ಸರಿಹೋಗುತ್ತವೆ.

ಐಕಾನಿನ ಮೂಲೆಯಲ್ಲಿ ಕೂರುವ ಹಸಿರು ಗುರುತು, ನೀಲಿ ಮೋಡ ಮುಂತಾದ ಮೇಲ್ಗುರುತುಗಳು ಕಾಣದಿರುವುದಕ್ಕೆ ವಿಚಿತ್ರವಾದ ಕಾರಣವಿದೆ. ವಿಂಡೋಸ್ ಒಟ್ಟು 15 ಮೇಲ್ಗುರುತುಗಳನ್ನಷ್ಟೇ ಹಿಡಿದುಕೊಳ್ಳಬಲ್ಲದು, ಅವುಗಳಲ್ಲೂ ಕೆಲವು ಅದರ ಸ್ವಂತ ಬಳಕೆಗೆ ಮೀಸಲು. ಅಂತರಜಾಲದಲ್ಲಿ ಕಡತಗಳನ್ನು ಕೂಡಿಡುವ ಒಂದೊಂದು ತಂತ್ರಾಂಶವೂ ಹಲವು ಗುರುತುಗಳನ್ನು ನೋಂದಾಯಿಸುತ್ತದೆ, ನೋಂದಣಿಯ ಸಾಲು ನಿಲ್ಲುವುದು ಹೆಸರಿನ ಅಕಾರಾದಿಯಲ್ಲಿ. ಹೆಸರಿನ ಮುಂದೆ ಖಾಲಿ ಜಾಗವೊಂದನ್ನು ಸೇರಿಸಿದರೆ ಸಾಲಿನಲ್ಲಿ ಮುಂದೆ ನಿಲ್ಲಬಹುದೆಂದು ಒಂದು ತಂತ್ರಾಂಶ ಕಂಡುಕೊಂಡರೆ, ಎರಡು ಖಾಲಿ ಜಾಗ ಸೇರಿಸಿ ಅದನ್ನೂ ಹಿಂದಿಕ್ಕುವ ಇನ್ನೊಂದು ಹುಟ್ಟಿಕೊಂಡಿತು. ಬಸ್ಸಿನ ಸೀಟಿಗೆ ಟವೆಲು ಹಾಕುವ ಬುದ್ಧಿ ತಂತ್ರಾಂಶ ಲೋಕವನ್ನೂ ಬಿಟ್ಟಿಲ್ಲ.

ಐಕಾನ್ ಹೋಗಿ ತಂತ್ರಾಂಶ ಉಳಿಯುವ ಸಂಗತಿಯನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2023ರ ಜನವರಿ 13ರಂದು. ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ರಕ್ಷಣಾ ತಂತ್ರಾಂಶಕ್ಕೆ ಆ ದಿನ ಬಂದ 1.381.2140.0 ಸಂಖ್ಯೆಯ ನವೀಕರಣದಲ್ಲಿ ದೋಷವಿತ್ತು. ಆಫೀಸ್ ದಾಖಲೆಗಳೊಳಗಿನ ಮ್ಯಾಕ್ರೋಗಳು, ಅಂದರೆ ತಾವಾಗಿಯೇ ಓಡುವ ಕಿರುಆದೇಶಗಳು, ವಿಂಡೋಸ್‌ನ ಒಳಸೌಲಭ್ಯಗಳನ್ನು ದುರುಪಯೋಗಪಡಿಸದಂತೆ ತಡೆಯುವ ನಿಯಮವೊಂದನ್ನು ಅನೇಕ ಸಂಸ್ಥೆಗಳು ಜಾರಿಯಲ್ಲಿಟ್ಟಿದ್ದವು; ದೋಷಪೂರ್ಣ ನವೀಕರಣ ಬಂದ ಮೇಲೆ ಆ ನಿಯಮವು ನಿರಪರಾಧಿ ಶಾರ್ಟ್‌ಕಟ್‌ಗಳನ್ನೇ ಕಳ್ಳರೆಂದು ತಿಳಿದು ಅಳಿಸತೊಡಗಿತು. ಸ್ಟಾರ್ಟ್ ಪಟ್ಟಿ, ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಮೂರರಿಂದಲೂ ಐಕಾನ್‌ಗಳು ಮಾಯವಾದವು. ಎಕ್ಸೆಲ್, ವರ್ಡ್, ಔಟ್‌ಲುಕ್‌ಗಳೇ ಹೋದವೆಂದು ಕಚೇರಿಗಳಲ್ಲಿ ಗಾಬರಿಯೆದ್ದಿತು. ತಂತ್ರಾಂಶಗಳು ಡಿಸ್ಕಿನಲ್ಲಿ ಇದ್ದಲ್ಲೇ ಇದ್ದವು, ಅವುಗಳ ವಿಳಾಸ ಬರೆದ ಚೀಟಿಗಳು ಮಾತ್ರ ಹರಿದಿದ್ದವು. 1.381.2164.0 ನವೀಕರಣವು ಅಳಿಸುವುದನ್ನು ನಿಲ್ಲಿಸಿತಾದರೂ ಅಳಿದದ್ದನ್ನು ಮರಳಿ ತರಲಿಲ್ಲ. ಯಾವ ತಂತ್ರಾಂಶಗಳು ಇನ್ನೂ ಇವೆ ಎಂದು ನೋಡಿ ಅವುಗಳಿಗೆ ಹೊಸ ಶಾರ್ಟ್‌ಕಟ್‌ ಸೃಷ್ಟಿಸುವ ಆದೇಶಪಟ್ಟಿಯೊಂದನ್ನು ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಹಂಚಬೇಕಾಯಿತು. ಅಂದು ಶುಕ್ರವಾರ. ಬೆಂಗಳೂರಿನ ಕಚೇರಿಗಳಿಗೆ ಅದು ಕೆಲಸದ ದಿನ. 2013ರ ಮೇ ತಿಂಗಳಿಂದ ಶುಕ್ರವಾರ ಮತ್ತು ಶನಿವಾರಗಳನ್ನು ವಾರದ ರಜೆಯಾಗಿ ಪಾಲಿಸುತ್ತಿರುವ ಒಮಾನಿನಲ್ಲಿ ಕಚೇರಿಗಳಿಗೆ ಬೀಗ.

ಇದಕ್ಕೆ ವಿರುದ್ಧವಾದ, ಐಕಾನ್‌ಗಳನ್ನು ಬೇಕೆಂದೇ ಕೆಡಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದ ಪ್ರಸಂಗವೂ ಒಂದಿದೆ. ಅಲ್ ಹೈಲ್‌ನ ಕಡಲದಂಡೆಯ ಎದುರು ದಡ ಇರಾನ್. ಅಲ್ಲಿನ ನತಾಂಝ್ ಯುರೇನಿಯಂ ಸಂವರ್ಧನಾ ಘಟಕವನ್ನು ಗುರಿಯಾಗಿಸಿಕೊಂಡ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶವನ್ನು ಬೆಲಾರೂಸ್‌ನ ವೈರಸ್‌ಬ್ಲೋಕ್‌ಅಡಾ ಎಂಬ ಸಂಸ್ಥೆ 2010ರ ಜೂನ್‌ನಲ್ಲಿ ಪತ್ತೆಹಚ್ಚಿತು. ಪೆನ್‌ಡ್ರೈವ್ ಮೂಲಕ ಹರಡುತ್ತಿದ್ದ ಅದು ಯಾರೂ ಯಾವುದನ್ನೂ ತೆರೆಯದೆಯೇ ಕಂಪ್ಯೂಟರಿನೊಳಗೆ ಇಳಿಯುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನ ವಿಭಾಗಗಳಿಗೆ ಮಾಡಿದ ಶಾರ್ಟ್‌ಕಟ್‌ಗಳ ಐಕಾನನ್ನು ತೋರಿಸಬೇಕಾದರೆ ಎಕ್ಸ್‌ಪ್ಲೋರರ್ ಆ ವಿಭಾಗದ ಕಡತವನ್ನೇ ಸ್ಮೃತಿಗೆ ಎತ್ತಿಕೊಳ್ಳಬೇಕಾಗುತ್ತಿತ್ತು, ಎತ್ತಿಕೊಂಡ ಕೂಡಲೇ ಅದರೊಳಗಿನ ಆದೇಶಗಳು ಓಡುತ್ತಿದ್ದವು. ವಿಭಾಗದ ಕಡತದ ಬದಲು ಕುತಂತ್ರಾಂಶದ ವಿಳಾಸವನ್ನು ಶಾರ್ಟ್‌ಕಟ್‌ನಲ್ಲಿ ಬರೆದಿಟ್ಟರೆ ಮುಗಿಯಿತು, ಪೆನ್‌ಡ್ರೈವಿನ ಫೋಲ್ಡರನ್ನು ಬರಿದೆ ನೋಡಿದರೂ ಸೋಂಕು ತಗಲುತ್ತಿತ್ತು. ದುರಸ್ತಿ ಸಿದ್ಧವಾಗುವವರೆಗೆ ಶಾರ್ಟ್‌ಕಟ್‌ಗಳಿಗೆ ಐಕಾನ್ ತೋರಿಸುವುದನ್ನೇ ರಿಜಿಸ್ಟ್ರಿಯಲ್ಲಿ ನಿಲ್ಲಿಸಿಬಿಡಿ ಎಂಬುದು ಜುಲೈನಲ್ಲಿ ಬಂದ ಸಲಹೆ. ಅದನ್ನು ಪಾಲಿಸಿದ ಕಂಪ್ಯೂಟರುಗಳ ಡೆಸ್ಕ್‌ಟಾಪ್ ತುಂಬ ಒಂದೇ ತೆರನಾದ ಬಿಳಿ ಐಕಾನ್‌ಗಳು. ಆಗಸ್ಟ್ 2ರಂದು ತುರ್ತು ದುರಸ್ತಿ ಬಂದಿತು, ಅದು ಪೂರ್ಣವಾಗಿರಲಿಲ್ಲವೆಂದು ತಿಳಿದದ್ದು 2015ರ ಮಾರ್ಚ್‌ನಲ್ಲಿ. 2017ರ ಜೂನ್‌ನಲ್ಲಿ ಶಾರ್ಟ್‌ಕಟ್ ಐಕಾನಿನದೇ ಇನ್ನೊಂದು ಬಿರುಕಿಗೆ ತೇಪೆ ಹಾಕಬೇಕಾಯಿತು.

ಕರ್ನಾಟಕದ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳ ಬಳಕೆದಾರರಿಗೆ ಸ್ಟಕ್ಸ್‌ನೆಟ್‌ನ ಬಡ ನೆಂಟನ ಪರಿಚಯ ಚೆನ್ನಾಗಿಯೇ ಇದೆ. ಪೆನ್‌ಡ್ರೈವಿನಲ್ಲಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿಬಿಟ್ಟಿರುತ್ತವೆ, ಮೂಲೆಯ ಬಾಣ ಬಿಟ್ಟರೆ ಉಳಿದಂತೆ ಥೇಟು ಮೊದಲಿನ ಫೋಲ್ಡರಿನ ಐಕಾನೇ. ನಿಜವಾದ ಫೋಲ್ಡರುಗಳನ್ನು ವೈರಸ್ ಮರೆಮಾಡಿ, ಅವುಗಳ ಹೆಸರಿನ ಶಾರ್ಟ್‌ಕಟ್‌ಗಳನ್ನು ಸೃಷ್ಟಿಸಿ, ಒತ್ತಿದವರ ಕಂಪ್ಯೂಟರಿಗೆ ತಾನು ಹಬ್ಬುವ ತಂತ್ರ ಇದು. ಫೋಲ್ಡರ್ ಹೋಯಿತೆಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವುದೇ ಇಲ್ಲಿ ನಿಜವಾದ ನಷ್ಟ. ವೈರಸ್ ನಿವಾರಕವನ್ನು ಓಡಿಸಿದ ಮೇಲೆ, ಅಟ್ರಿಬ್ ಎಂಬ ಆದೇಶದಿಂದ ಮರೆಮಾಡಿದ ಗುರುತನ್ನೂ ವ್ಯವಸ್ಥೆಯ ಕಡತ ಎಂಬ ಗುರುತನ್ನೂ ತೆಗೆದರೆ ಮದುವೆಯ ಫೋಟೊಗಳೂ ಅಂಕಪಟ್ಟಿಗಳೂ ಹಾಗೆಯೇ ಸಿಗುತ್ತವೆ.

ಗಲ್ಫ್‌ಗೆ ಹೋಗುವವರ ಊರುಗಳಲ್ಲೊಂದಾದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯೂ ಈಗ ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆಯೂ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಬಳಸುತ್ತ ಬಂದಿವೆ. ಲಿನಕ್ಸ್‌ನಲ್ಲಿ ಐಕಾನಿನ ಕೊಂಡಿಗಳು ಬರಿಗಣ್ಣಿಗೆ ಕಾಣುತ್ತವೆ: ಪ್ರತಿ ತಂತ್ರಾಂಶಕ್ಕೂ ಡೆಸ್ಕ್‌ಟಾಪ್ ಎಂಬ ವಿಸ್ತರಣೆಯ ಒಂದು ಸಾದಾ ಪಠ್ಯಕಡತ, ಅದರೊಳಗೆ ಐಕಾನ್ ಎಂದು ಬರೆದ ಒಂದು ಸಾಲು. ಆ ಸಾಲಿನ ಹೆಸರನ್ನು ಈಗಿನ ಐಕಾನ್ ಗುಂಪಿನಲ್ಲಿ, ಅಲ್ಲಿಲ್ಲದಿದ್ದರೆ ಹೈಕಲರ್ ಎಂಬ ಸಾಮಾನ್ಯ ಗುಂಪಿನಲ್ಲಿ ಹುಡುಕಲಾಗುತ್ತದೆ. ಸಾಲನ್ನು ತಿದ್ದಿದರೆ ಐಕಾನ್ ಸರಿ.

ಇನ್ನು ಉಳಿದದ್ದು ಚೌಕಗಳು. ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್ ಮುಂತಾದ ಕಡೆ ಕಾಣುವ ಗೆರೆಚಿತ್ರಗಳು ಚಿತ್ರಕಡತಗಳಲ್ಲ, ಫಾಂಟ್‌ನ ಅಕ್ಷರಗಳು. ವಿಂಡೋಸ್ 10ರಲ್ಲಿ ಅವು ಸೆಗೋ ಎಂಡಿಎಲ್2 ಅಸೆಟ್ಸ್ ಎಂಬ ಫಾಂಟ್‌ನಲ್ಲಿ, 11ರಲ್ಲಿ ಸೆಗೋ ಫ್ಲೂಯೆಂಟ್ ಐಕಾನ್ಸ್‌ನಲ್ಲಿ ಇವೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್‌ನಲ್ಲಿ ಯಾವ ಭಾಷೆಗೂ ಹಂಚದೆ ಖಾಸಗಿ ಬಳಕೆಗೆ ಬಿಟ್ಟ ಜಾಗದ ಸಂಖ್ಯೆಗಳನ್ನು ಈ ಫಾಂಟ್‌ಗಳು ಬಳಸಿಕೊಳ್ಳುತ್ತವೆ. ಫಾಂಟ್ ಕೆಟ್ಟರೆ, ಅಥವಾ ಅಂದಕ್ಕಾಗಿ ರಿಜಿಸ್ಟ್ರಿ ತಿದ್ದಿ ವ್ಯವಸ್ಥೆಯ ಫಾಂಟ್ ಬದಲಿಸುವ ಉಮೇದಿನಲ್ಲಿ ಅದರ ನಮೂದೂ ಅಳಿದರೆ, ಐಕಾನ್‌ಗಳ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಲ್ಲುತ್ತವೆ. ಐಕಾನ್ ಕ್ಯಾಶ್ ಅಳಿಸಿ ಇದನ್ನು ಸರಿಪಡಿಸಲು ಹೊರಡುವವರು ವೃಥಾ ಶ್ರಮಪಡುತ್ತಾರೆ. ಕನ್ನಡ ಓದುಗರಿಗೆ ಈ ಚೌಕಗಳು ಐಕಾನ್‌ಗಳಿಗಿಂತ ಬಹಳ ಮೊದಲೇ ಪರಿಚಿತ, ಕನ್ನಡ ಅಕ್ಷರಗಳ ಜಾಗದಲ್ಲಿ ಬರುತ್ತಿದ್ದ ಚೌಕಗಳದ್ದೂ ಇದೇ ದೋಷ: ಸಂಖ್ಯೆ ಇದೆ, ಅದಕ್ಕೆ ತಕ್ಕ ಆಕಾರ ಫಾಂಟ್‌ನಲ್ಲಿ ಇಲ್ಲ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಹೊಂದಿತ್ತು, ಆದರೆ ಭಾರತದಲ್ಲಿ ಕೊಂಡ ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಕನ್ನಡ ತಾನಾಗಿ ಮೂಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಕಡತಗಳನ್ನು ಸೇರಿಸು ಎಂಬ ಚೌಕಕ್ಕೆ ಗುರುತು ಹಾಕಿ, ವಿಂಡೋಸ್ ಸಿಡಿಯನ್ನು ತುರುಕಬೇಕಾಗಿತ್ತು. ಪದದಲ್ಲಿ ನಿಂತ ಜಾಗಕ್ಕೆ ತಕ್ಕಂತೆ ಆಕಾರ ಬದಲಿಸುವ ಅರಬ್ಬಿ ಅಕ್ಷರಕ್ಕೂ, ಒತ್ತಕ್ಷರ ಕೆಳಗಿಳಿಯುವ ಕನ್ನಡಕ್ಕೂ ಯೂನಿಸ್ಕ್ರೈಬ್ ಎಂಬ ಒಂದೇ ಯಂತ್ರ ದುಡಿಯುತ್ತಿದ್ದರಿಂದ ಎರಡಕ್ಕೂ ಒಂದೇ ಚೌಕವಿತ್ತು. ಅರಬ್ಬಿ ವಿಂಡೋಸ್‌ನಲ್ಲಿ ಆ ಗುರುತು ಮೊದಲೇ ಬಿದ್ದಿರುತ್ತಿತ್ತು. ಹೀಗಾಗಿ ಮಸ್ಕತ್‌ನಲ್ಲಿ ಅರಬ್ಬಿ ವಿಂಡೋಸ್ ಸಹಿತ ಕೊಂಡ ಕಂಪ್ಯೂಟರು ಕನ್ನಡದ ಒತ್ತಕ್ಷರಗಳನ್ನು ಕೂಡಿಸುವ ಯಂತ್ರವನ್ನು ಅಂಗಡಿಯಿಂದಲೇ ಹೊತ್ತು ತರುತ್ತಿತ್ತು, ಬೆಂಗಳೂರಿನಲ್ಲಿ ಕೊಂಡದ್ದಕ್ಕೆ ಸಿಡಿ ಬೇಕಾಗುತ್ತಿತ್ತು. ವಿಂಡೋಸ್ ವಿಸ್ತಾದಿಂದ ಮುಂದೆ ಈ ಭೇದ ಇಲ್ಲವಾಯಿತು.

ಕ್ಷ ಎಂಬ ಅಕ್ಷರವನ್ನು ತೆಗೆದುಕೊಂಡರೆ ಮೂರು ಬಗೆಯ ಕೆಡುಕೂ ಬೇರೆ ಬೇರೆಯಾಗಿ ತೋರುತ್ತವೆ. ಯೂನಿಕೋಡ್‌ನಲ್ಲಿ ಅದು ಕಕಾರ, ಅರ್ಧಾಕ್ಷರದ ಗುರುತು, ಷಕಾರ ಎಂಬ ಮೂರು ಸಂಖ್ಯೆಗಳ ಸರಣಿ. ಕನ್ನಡ ಫಾಂಟ್ ಇಲ್ಲದಿದ್ದರೆ ಮೂರು ಚೌಕಗಳು ಬರುತ್ತವೆ. ಫಾಂಟ್ ಇದ್ದು ಕೂಡಿಸುವ ಯಂತ್ರ ಇಲ್ಲದಿದ್ದರೆ ಕಕಾರದ ಪಕ್ಕದಲ್ಲಿ ಷಕಾರ ಬಿಡಿಯಾಗಿ ನಿಂತು, ಅರ್ಧಾಕ್ಷರದ ಗುರುತು ನಡುವೆ ತೇಲುತ್ತದೆ. ಇವೆರಡೂ ಅಲ್ಲದೆ ಇಂಗ್ಲಿಷ್ ಅಕ್ಷರಗಳು, ವಿರಾಮಚಿಹ್ನೆಗಳು, ಸ್ವರದ ಮೇಲೆ ಚುಕ್ಕಿಯಿಟ್ಟ ಯುರೋಪಿನ ಅಕ್ಷರಗಳು ಕಲಸಿದಂತೆ ಕಂಡರೆ ಆ ಕಡತ ಯೂನಿಕೋಡ್‌ನದೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು. ಅದನ್ನು ಓದಲು ಆ ಫಾಂಟನ್ನೇ ಹಾಕಿಕೊಳ್ಳಬೇಕು, ಇಲ್ಲವೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ವಿಂಡೋಸ್ 10ರಿಂದ ತುಂಗಾ ಫಾಂಟ್ ಕೂಡ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿದಿದ್ದು, ಹಳೆಯ ಕಡತದ ಸಾಲುಗಳು ನಿರ್ಮಲಾ ಎಂಬ ಫಾಂಟ್‌ನಲ್ಲಿ ಬೇರೆ ಅಗಲಕ್ಕೆ ಮೂಡಿ ಪುಟ ಅಸ್ತವ್ಯಸ್ತವಾದರೆ, ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಪೂರಕ ಫಾಂಟ್‌ಗಳು ಎಂಬುದನ್ನು ಹುಡುಕಿ ಅಂತರಜಾಲದಿಂದ ಇಳಿಸಿಕೊಳ್ಳಬೇಕಾಗುತ್ತದೆ.